ಮಕ್ಕಳಾಟದ ಪ್ರೊಫೆಸರು

ನನ್ನ ಸೋದರಮಾವನ ಎದುರು ಬಾಯಿತಪ್ಪಿಯಾದರೂ ‘ಇದೇನು ಮಕ್ಕಳಾಟವೇ?’ ಎಂದವರ ಕಥೆ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು. ಬಾಲ್ಯದ ಸಮಾಜಶಾಸ್ತ್ರವನ್ನು ಮೂವತ್ತು ವರ್ಷ ಬೋಧಿಸಿದ ಆ ಪುಣ್ಯಾತ್ಮ ಕನ್ನಡಕವನ್ನು ಹಣೆಗೇರಿಸಿ, “ಮಕ್ಕಳ ಆಟದಲ್ಲಿರೋ ಕಾನೂನು ನಿಮ್ಮ ಆಫೀಸಲ್ಲಿದೆಯೇನ್ರಿ?” ಎಂದು ಶುರುಮಾಡಿದರೆ, ಕೈಯಲ್ಲಿದ್ದ ಕಾಫಿ ಕೆನೆಗಟ್ಟುವವರೆಗೂ ಬಿಡುತ್ತಿರಲಿಲ್ಲ. ಮಗುವೆಂದರೆ ಮುಂದೆಂದೋ ಮನುಷ್ಯನಾಗಲಿರುವ ಕಚ್ಚಾ ಸಾಮಗ್ರಿಯಲ್ಲ, ಈಗಲೇ ಪೂರ್ತಿ ಮನುಷ್ಯ. ಬಾಲ್ಯವೂ ಪ್ರಕೃತಿದತ್ತವಲ್ಲ, ಆಯಾ ಸಮಾಜ ಕಟ್ಟಿಕೊಂಡದ್ದು ಎಂಬುದು ಅವರ ಸಿದ್ಧಾಂತದ ಸಾರ.

ಸಿದ್ಧಾಂತ ಮೊಣಕಾಲಿಗೂ ಇಳಿದಿತ್ತು. ಮಕ್ಕಳೊಡನೆ ಮಕ್ಕಳ ಎತ್ತರದಲ್ಲೇ ಮಾತಾಡಬೇಕೆಂದು ನಡುಬೀದಿಯಲ್ಲೂ ಕುಕ್ಕರುಗಾಲಲ್ಲಿ ಕೂತುಬಿಡುವರು. ಏಳಬೇಕಾದರೆ ನಾನೂ ಅತ್ತೆಯೂ ತಲಾ ಒಂದು ರಟ್ಟೆ ಹಿಡಿಯಬೇಕು. ಬೂದುಕೋಟಿನ ಜೇಬಿನಲ್ಲಿ, ಮಕ್ಕಳ ವಿಷಯ ಬರೆಯುವ ಮುಂಚೆ ಅವರನ್ನೇ ಕೇಳಬೇಕೆಂದು, ಸದಾ ಒಪ್ಪಿಗೆಪತ್ರಗಳ ಕಂತೆ: ನಗುಮುಖಕ್ಕೆ ಗೀಟೆಳೆದರೆ ‘ಆಗಬಹುದು’, ಸಪ್ಪೆಮುಖಕ್ಕೆಳೆದರೆ ‘ಬೇಡ’.

“ಆರು ವರ್ಷದೋಳ ಗೀಟು ಯಾವ ಕೋರ್ಟಲ್ಲಿ ನಡಿಯತ್ತೆ?” ಎಂದು ಅತ್ತೆ ಛೇಡಿಸುವರು.

“ನನ್ನ ಕೋರ್ಟಲ್ಲಿ.”

ನಿವೃತ್ತಿಗೆ ಮುಂಚೆ ಮುಗಿಸಲೇಬೇಕೆಂದು ಹಟತೊಟ್ಟಿದ್ದ ಪುಸ್ತಕದ ಕೊನೆಯ ಅಧ್ಯಾಯ ಮೊಮ್ಮಗಳ ಗುಂಪಿನ ಒಂದು ಆಟವನ್ನು ಕುರಿತದ್ದು. ಮನೆಯ ಮೆಟ್ಟಿಲ ಕೆಳಗೆ ಒಬ್ಬಳು ದೊಡ್ಡ ಬೂದುಕೋಟು ಹೊದ್ದು, “ಇರ್ರೋ, ಬರೀತಿದೀನಿ” ಎನ್ನುವಳು; ಉಳಿದವರು ಸಾಲಾಗಿ ಕೂತು ಕಾಯುವರು; ಕಾದು ಸಾಕಾದಾಗ ಆಟ ಮುಗಿಯುವುದು. ಮಾವ ಹಿಗ್ಗಿಹೋಗಿ, ಮಕ್ಕಳು ದೊಡ್ಡವರ ಲೋಕವನ್ನು ನಕಲು ಮಾಡುವುದಿಲ್ಲ, ಮರುಸೃಷ್ಟಿಸುತ್ತಾರೆ ಎಂದು ನಲವತ್ತು ಪುಟ ಬರೆದರು. ಆ ಕೋಟು ಯಾರದೆಂದು ಮಾತ್ರ ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ!

ಕೊನೆಗೆ ಒಪ್ಪಿಗೆಪತ್ರ ಮುಂದಿಟ್ಟರೆ ಮೊಮ್ಮಗಳು ಸಪ್ಪೆಮುಖಕ್ಕೆ ಗೀಟೆಳೆದಳು. ಮಾವ ಕುಕ್ಕರಿಸಿ ಕಾರಣ ಕೇಳಿದರು.

“ಅದು ಅಜ್ಜನ ಆಟ. ನೀನು ಬರೋದೇ ಇಲ್ವಲ್ಲ, ಅದಕ್ಕೆ ಆಡ್ತೀವಿ. ಬರೀಬೇಡ, ಬಾ.”

ಮಾವನ ಮುಖ ಸಣ್ಣಗಾಯಿತು. ಪ್ರಕಾಶಕರು ಫೋನಿನಲ್ಲಿ ಅಂಗಲಾಚಿದರು: “ಹೆಸರು ಬದಲಾಯಿಸೋಣ ಸಾರ್, ಯಾರಿಗೆ ಗೊತ್ತಾಗತ್ತೆ?”

“ಅವಳಿಗೆ,” ಎಂದು ಮಾವ ಫೋನಿಟ್ಟರು.

ನಲವತ್ತು ಪುಟವನ್ನೂ ಹರಿದುಹಾಕಿದರು. ಆ ಅಧ್ಯಾಯವಿಲ್ಲದೆ ಅಚ್ಚಾದ ಪುಸ್ತಕ ತಟ್ಟನೆ ನಿಂತುಬಿಡುತ್ತದೆಂದು ವಿಮರ್ಶಕರು ಮೂಗುಮುರಿದಾಗ ಗ್ರಂಥಕರ್ತರು ಮೆಟ್ಟಿಲ ಕೆಳಗೆ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಲೋಕಕ್ಕೆ ಹೇಳಿದ್ದನ್ನು ಮನೆಯಲ್ಲೂ ನಡೆಸಹೊರಡುವ ಈ ಜಾತಿಯ ವಿದ್ವಾಂಸರಿಗೆ ಬುದ್ಧಿ ತಡವಾಗಿಯೇ ಬರುತ್ತದೆ, ಪುಸ್ತಕಗಳೂ ಅರ್ಧಕ್ಕೇ ನಿಲ್ಲುತ್ತವೆ. ಆದರೆ ಅವರನ್ನು ಮಕ್ಕಳು ಆಟಕ್ಕೆ ಸೇರಿಸಿಕೊಳ್ಳುತ್ತಾರೆ.