ದಾನಮ್ಮನ ಆಡು

ನಾನು ಒಂದು ಆಡು. ಹಟ್ಟಿಯಲ್ಲಿ ಹುಟ್ಟಿದವಳಲ್ಲ, ಬಾಗಲಕೋಟೆ ಕಡೆಯ ಒಂದು ಸರಕಾರಿ ಶಾಲೆಯ ಕಂಪ್ಯೂಟರಿನಲ್ಲಿ, ಏಳನೇ ತರಗತಿಯ ದಾನಮ್ಮನ ಕೈಯಲ್ಲಿ ಹುಟ್ಟಿದವಳು. ಮೊದಲ ದಿನ ನನಗೆ ಮೂರೇ ಕಾಲು. ಕೊಂಬು ಒಂದು ಉದ್ದ, ಒಂದು ಗಿಡ್ಡ. ನೋಡಿದವರೆಲ್ಲ ನಕ್ಕರು. ನಗಲಿ ಬಿಡಿ, ನಾಲ್ಕನೆಯ ಕಾಲು ಮರುದಿನ ಬಂತು.

ಆ ವಾರ ಬಸಲಿಂಗ ಸರ್ ಮಕ್ಕಳಿಗೆ ಹೇಳಿದ್ದರು: "ಕಂಪ್ಯೂಟರ್ ಅಂದ್ರ ಬರೇ ಟೈಪ್ ಮಾಡೂದಲ್ಲ. ನಿಮ್ಮ ಮನ್ಯಾಗ ನಡದದ್ದೊಂದು ಕತಿ ಹೇಳ್ರಿ, ಅದನ್ನ ಆಟ ಮಾಡೋಣು."

ಒಬ್ಬ ಹಾವಿನ ಕತೆ ಹೇಳಿದ, ಇನ್ನೊಬ್ಬ ಕಳ್ಳನದು. ದಾನಮ್ಮ ಕೊನೆಗೆ ಎದ್ದಳು. "ನಮ್ಮ ಆಡು ಮೇಯಾಕ ಹೋದದ್ದು ಹೊಳ್ಳಿ ಬರಲಿಲ್ರೀ ಸರ. ಆಟದಾಗರ ಮನಿಗಿ ಬರ್ಲಿ."

ಹೀಗೆ ನನಗೆ ಒಂದೇ ಕೆಲಸ ಬಿತ್ತು, ಮನೆ ಸೇರುವುದು.

ಅವಳು ಪರದೆಯ ಮೇಲೆ ಅಪ್ಪಣೆಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಹತ್ತು ಹೆಜ್ಜೆ ನಡೆ. ತೋಳ ಕಂಡರೆ ಜಿಗಿ. ಕಲ್ಲು ತಾಗಿದರೆ ತಿರುಗು. ಒಮ್ಮೆ ತಿರುಗುವುದನ್ನು ಬರೆಯಲು ಮರೆತಳು. ಗಂಟೆ ಹೊಡೆಯುವವರೆಗೂ ನಾನು ಅದೇ ಕಲ್ಲಿಗೆ ಹಣೆ ಚಚ್ಚಿಕೊಂಡೆ. "ಅಯ್ಯ ನನ್ನವ್ವಾ, ತಪ್ಪು ನಿಂದಲ್ಲ, ನಂದ," ಎಂದು ಪರದೆಯ ಮೇಲೆ ಕೈಯಾಡಿಸಿದಳು. ಅಷ್ಟು ಅಕ್ಕರೆಯಿಂದ ಆಮೇಲೆ ನನ್ನನ್ನು ಯಾರೂ ಮುಟ್ಟಿಲ್ಲ.

ಕೊನೆಯ ಅಪ್ಪಣೆ ಇದು: ಮನೆ ಬಾಗಿಲ ಮುಂದೆ ನಿಲ್ಲು, ಮೈಕಿನಲ್ಲಿ ದನಿ ಕೇಳಿದರೆ ಒಳಗೆ ಹೋಗು. ತಾನೇ ಕೂಗಿ ಕರೆಯಬೇಕೆಂಬುದು ಅವಳ ಆಸೆ. ಆದರೆ ಶಾಲೆಯಲ್ಲಿ ಮೈಕ್ ಇರಲಿಲ್ಲ. "ಸೋಮವಾರ ತರ್ತೀನವಾ," ಎಂದರು ಸರ್. ಸೋಮವಾರಕ್ಕೆ ಮೊದಲೇ ಅವರಿಗೆ ವರ್ಗವಾಯಿತು. ಕೋಣೆಗೆ ಬೀಗ ಬಿತ್ತು. ದಾನಮ್ಮ ಏಳನೆಯದು ಮುಗಿಸಿ ಬೇರೆ ಊರಿನ ಹೈಸ್ಕೂಲಿಗೆ ಹೋದಳೆಂದು ಬಹಳ ಕಾಲದ ಮೇಲೆ ತಿಳಿಯಿತು.

ನಾನು ಬಾಗಿಲ ಮುಂದೆ ನಿಂತೇ ಇದ್ದೆ. ಮೂರು ವರ್ಷ! ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ನಾನು ಮುಟ್ಟಿದ ಸೊಪ್ಪೇ ಇಲ್ಲ. ವರ್ಷಕ್ಕೊಮ್ಮೆ ಯಾರೋ ಬಂದು ಧೂಳು ಒರೆಸಿ, ಯಂತ್ರ ಕೆಟ್ಟಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟೂ ಹೋಗಿ ಬರೀ ಒಂಟಿತನ ಉಳಿಯಿತು. ಮರೆತೇಬಿಟ್ಟಳೇ ಮಹರಾಯ್ತಿ?

ಈ ವರ್ಷ ಹೊಸ ಟೀಚರು ಬೀಗ ತೆಗೆಸಿದರು. ಐದನೇ ತರಗತಿಯ ಹಸೀನಾ ನನ್ನ ಆಟ ತೆರೆದು, ಮತ್ತೆ ಮೊದಲಿನಿಂದ ಬಾಗಿಲವರೆಗೆ ನಡೆಸಿದಳು.

"ಟೀಚರ್, ಈ ಆಡು ಯಾಕ ಸುಮ್ಮನ ನಿಂತೈತ್ರಿ?"

"ಅದಕ್ಕ ಕೊಟ್ಟ ಅಪ್ಪಣಿ ಓದವಾ, ತಿಳೀತೈತಿ."

ಹಸೀನಾ ಬೆರಳಿಟ್ಟು ಓದಿದಳು. ಟೀಚರು ತಮ್ಮ ಇಯರ್‌ಫೋನಿನ ಮೈಕ್ ಸಿಕ್ಕಿಸಿ ಕೊಟ್ಟರು. "ಬಾ ನಮ್ಮವ್ವಾ, ಬಾ ಬಾ!" ಎಂದು ಅವಳು ಕೂಗಿದಳು.

ಅದು ದಾನಮ್ಮನ ದನಿಯಲ್ಲ. ನನಗೆ ಸಂಕಟವಾಯಿತು. ಆದರೆ ದನಿ ಯಾರದಿರಬೇಕೆಂದು ಅವಳು ಬರೆದಿರಲಿಲ್ಲ. ಬಾಗಿಲು ತೆರೆಯಿತು.

ಒಳಗೆ ದಾನಮ್ಮ ನಿಂತಿದ್ದಳು. ಎರಡು ಜಡೆ, ಕೆಂಪು ರಿಬ್ಬನ್, ಕೈ ತುಂಬ ಬೇವಿನ ಸೊಪ್ಪು. ತನ್ನದೇ ಚಿತ್ರ ಬರೆದು, ನನಗೆ ಹೇಳದೆ ಬಾಗಿಲ ಹಿಂದೆ ನಿಲ್ಲಿಸಿಟ್ಟಿದ್ದಳು. ನಾನು ಹೊರಗೆ ನಿಂತಷ್ಟು ದಿನವೂ ಅವಳು ಒಳಗೆ ಸೊಪ್ಪು ಹಿಡಿದು ನಿಂತಿದ್ದಾಳೆ.

"ನಾನೂ ನಮ್ಮ ಕೋಳಿದೊಂದು ಮಾಡ್ತೇನ್ರಿ," ಎಂದು ಹಸೀನಾ ನನ್ನನ್ನು ಮುಚ್ಚಿದಳು. ಈಗ ಎಲ್ಲರಿಗೂ ತಮ್ಮ ತಮ್ಮ ಆಟ. ನನ್ನ ಕಡೆ ಬರುವವರಿಲ್ಲ. ಸೊಪ್ಪು ಮೂತಿಯ ಹತ್ತಿರವೇ ಇದೆ. ತಿನ್ನು ಎಂದು ಬರೆದಿಲ್ಲ, ಪರವಾಗಿಲ್ಲ. ನಾನು ಮನೆಗೆ ಬಂದಿದ್ದೇನೆ. ಹೈಸ್ಕೂಲಿನ ದಾನಮ್ಮನಿಗೆ ಮಾತ್ರ ಅದು ಇನ್ನೂ ಗೊತ್ತಿಲ್ಲ.