ಹುರುಳಿ ಹಾಸಿದ ರಸ್ತೆ

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ರಿಟೈರಾದರೂ ಗುಂಡ್ಲುಪೇಟೆಯ ಪುಟ್ಟಮಾದಯ್ಯನಿಗೆ ಒಂದು ಚಟ ಬಿಟ್ಟಿರಲಿಲ್ಲ. ಯಾರೇ ಗಾಡಿ ಓಡಿಸಲಿ, ಪಕ್ಕದಲ್ಲಿ ಕೂತು ಬುದ್ಧಿ ಹೇಳದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಆ ಶನಿವಾರ ಕೈಗೆ ಸಿಕ್ಕವನು ಮೈಸೂರಿನ ಸಿದ್ದಾರ್ಥ. ವಾರದ ಕೊನೆಯಲ್ಲಿ ಶೋಕಿಯವರನ್ನು ಮೇಲ್ಛಾವಣಿ ಇಲ್ಲದ ಸ್ಪೋರ್ಟ್ಸ್ ಕಾರಿನಲ್ಲಿ ಹಳ್ಳಿ ರಸ್ತೆ ಸುತ್ತಿಸುವ ವ್ಯವಹಾರ ಶುರು ಮಾಡಿದ್ದ ಅವನು, ದಾರಿ ತೋರಿಸಲು ಪುಟ್ಟಮಾದಯ್ಯನನ್ನು ಗೊತ್ತು ಮಾಡಿಕೊಂಡಿದ್ದ. ಮೊದಲ ಸುತ್ತಿಗೆ ಅಮ್ಮನವರೂ ಬರಲಿ ಎಂದಿದ್ದ.

ಹೆಂಡತಿ ಬಸವಮ್ಮ ಒಲ್ಲೆ ಎಂದಳು. ಅವಳ ಮಂಡಿ ಎರಡೂ ಹೋಗಿದ್ದವು, ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಆ ಕೆಂಪು ಕಾರೋ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಿತ್ತು, ಇದ್ದದ್ದೂ ಎರಡೇ ಬಾಗಿಲು. ಊರನ್ನೆಲ್ಲ ಸುತ್ತಿಸಿದ ಗಂಡ ನನ್ನನ್ನು ಎಲ್ಲಿಗೆ ಕರೆದೊಯ್ದ ಎಂದು ಮೂರು ಹೊತ್ತೂ ಗೊಣಗುವವಳು ನೀನೇ ತಾನೆ ಎಂದು ಪುಟ್ಟಮಾದಯ್ಯ ರೇಗಿದ. ಮುಂದಿನ ಸೀಟು ಬಗ್ಗಿಸಿ, ಪಕ್ಕದ ಮನೆಯ ಚಿಕ್ಕಮಲ್ಲಪ್ಪನೂ ಸಿದ್ದಾರ್ಥನೂ ಅವಳನ್ನು ಹಿಂದಕ್ಕೆ ತೂರಿಸಿ ಕೂರಿಸಿದರು.

ತೆರಕಣಾಂಬಿ ದಾಟುವವರೆಗೂ ಅವಳು ಸೀಟನ್ನು ಗಟ್ಟಿಯಾಗಿ ಹಿಡಿದೇ ಇದ್ದಳು. ಏನಾದರೂ ಆದರೆ ನಾನು ಇಳಿಯುವುದು ಹೇಗೆ ಎಂದು ಎರಡು ಸಲ ಕೇಳಿದಳು. ನಾನಿಲ್ಲವಾ ಎಂದು ಗಂಡ ತಿರುಗಿಯೂ ನೋಡದೆ ಹೇಳಿದ.

ಉಡಿಗಾಲದ ಕಡೆಗೆ ಹೊರಳಿದ ಮೇಲೆ ರಸ್ತೆ ತುಂಬ ಹುರುಳಿ. ಬುಡಸಮೇತ ಕಿತ್ತ ಒಣ ಗಿಡವನ್ನು ಟಾರಿನ ಮೇಲೆ ಮೊಣಕಾಲೆತ್ತರ ಹರಡಿ, ಓಡಾಡುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸುವುದು ಆ ಕಡೆಯ ರೂಢಿ. ಸಿದ್ದಾರ್ಥ ಬ್ರೇಕು ಒತ್ತಿದ. ತನ್ನ ಕಾರು ತಗ್ಗು, ಪಕ್ಕದ ಮಣ್ಣಿಗೆ ಇಳಿಸುತ್ತೇನೆ ಎಂದ. ಪುಟ್ಟಮಾದಯ್ಯನಿಗೆ ಪಿತ್ತ ನೆತ್ತಿಗೇರಿತು. ರೈತರ ಹುರುಳಿ ತುಳಿಯದೆ ಪಕ್ಕಕ್ಕೆ ಸರಿದು ಹೋಗುವ ಡ್ರೈವರನೂ ಒಬ್ಬ ಡ್ರೈವರನೇ?

“ಮ್ಯಾಕೇ ಬುಡಪ್ಪ. ಮೂವತ್ತೊಂದ್ ವರ್ಸ ತುಳ್ದಿವ್ನಿ, ಏನೂ ಆಗಕಿಲ್ಲ.”

ಹುಡುಗ ಬಿಟ್ಟ. ಒಂದು ಹಾಸು, ಎರಡು ಹಾಸು, ಮೂರು. ಹೊಟ್ಟೆಯಡಿ ಪರಪರ ಸದ್ದಾಗುತ್ತಲೇ ಇತ್ತು, ಹಾಸು ಮುಗಿದ ಮೇಲೂ ನಿಲ್ಲಲಿಲ್ಲ. ಹುರುಳಿ ತಿರುವಿ ಹಾಕುತ್ತಿದ್ದ ಮಲ್ಲಮ್ಮ ಎಂಬ ಹೆಂಗಸು ಕವೆಗೋಲು ಬೀಸುತ್ತ ಕಾರಿನ ಹಿಂದೆ ಓಡಿಬಂದಳು. ಬೈಯಲು ಬರುತ್ತಿದ್ದಾಳೆ ಎಂದುಕೊಂಡ ಪುಟ್ಟಮಾದಯ್ಯ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಪಕ್ಕದ ಕನ್ನಡಿಯಲ್ಲಿ ಹೊಗೆ ಕಂಡಿತು. ಕಾದ ಸೈಲೆನ್ಸರಿಗೆ ಸುತ್ತಿಕೊಂಡ ಹುರುಳಿ ಬಳ್ಳಿ ಹೊತ್ತಿಕೊಂಡಿತ್ತು.

ಕಾರು ನಿಂತದ್ದೇ ಹಿಂದಿನ ಚಕ್ರದ ಪಕ್ಕ ಬೆಂಕಿ ಭಗ್ಗನೆ ಎದ್ದಿತು. ಪೆಟ್ರೋಲ್ ಟ್ಯಾಂಕು ಅನ್ನುವ ಒಂದೇ ಮಾತು ಪುಟ್ಟಮಾದಯ್ಯನ ತಲೆಯಲ್ಲಿ. ಬಾಗಿಲು ತೆಗೆದ, ಓಡಿದ. ಕಾಲು ತಾನಾಗಿಯೇ ಓಡುತ್ತಿತ್ತು. ಹುಣಿಸೆ ಮರದ ಹತ್ತಿರ ಬಂದಾಗ ನೆನಪಾಯಿತು. ಬಸವಿ!

ತಿರುಗಿ ನೋಡಿದ. ಅವಳು ಕೂಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು.

ಕಾರಿನ ಹತ್ತಿರ ವಾಪಸು ಬಂದದ್ದು ಹೇಗೋ ಅವನಿಗೇ ಗೊತ್ತಿಲ್ಲ. ಸೀಟು ಬಗ್ಗಿಸಲು ಎಳೆದ, ಬಗ್ಗಲಿಲ್ಲ. ಗುಂಡಿ ಯಾವುದೋ, ಹಿಡಿ ಯಾವುದೋ, ಮೂರು ದಶಕ ಸ್ಟೇರಿಂಗು ಹಿಡಿದ ಕೈಗೆ ಒಂದೂ ಸಿಗಲಿಲ್ಲ. ಸಿದ್ದಾರ್ಥ ಆಚೆ ಬದಿಯಿಂದ ಏನೋ ಕೂಗಿದ್ದು ಕಿವಿಗೆ ಬೀಳಲಿಲ್ಲ. ಬೆಂಕಿ ಅವಳ ಸೀಟಿನ ಬೆನ್ನಿಗೆ ಬಂದಿತ್ತು. ಕೊನೆಗೆ ಅವನು ಮುಂದಿನ ಸೀಟಿನ ಮೇಲೇ ಹತ್ತಿ ನಿಂತ. ಪುಣ್ಯಕ್ಕೆ ಮೇಲೆ ಛಾವಣಿ ಇರಲಿಲ್ಲ. ಅವಳ ಕಂಕುಳಿಗೆ ಕೈ ಹಾಕಿ ಮೇಲಕ್ಕೆಳೆದ. ಮಲ್ಲಮ್ಮ ಕಾಲು ಹಿಡಿದಳು. ಸಿದ್ದಾರ್ಥ ಓಡಿಬಂದು ಸೊಂಟಕ್ಕೆ ಕೈಕೊಟ್ಟ. ಮೂವರೂ ಸೇರಿ ಅವಳನ್ನು ಮರದಡಿಗೆ ತಂದು ಹಾಕುವಷ್ಟರಲ್ಲಿ ಕಾರಿನ ಹಿಂಬದಿ ಕಾಣದಂತೆ ಉರಿಯುತ್ತಿತ್ತು.

ಬಸವಮ್ಮನ ಸೆರಗು ಗೇಣುದ್ದ ಸುಟ್ಟಿತ್ತು, ಮೈಗೆ ಏನೂ ಆಗಿರಲಿಲ್ಲ. ರಸ್ತೆಗೆ ಹಾಸಿದ್ದಕ್ಕೆ ಪೊಲೀಸರು ಬರುತ್ತಾರೆ ಎಂದು ಮಲ್ಲಮ್ಮ ಅಳತೊಡಗಿದಳು. ಮೇಲೆ ಬಿಡು ಎಂದವನು ನಾನು, ನಿನ್ನದೇನೂ ಇಲ್ಲ ತಾಯಿ ಎಂದು ಪುಟ್ಟಮಾದಯ್ಯ ಎಲ್ಲರೆದುರು ಒಪ್ಪಿಕೊಂಡ. ಹೊಲಗಳಿಂದ ಓಡಿಬಂದವರಿಗೆ ಅದು ಬೇಕಿರಲಿಲ್ಲ. ಉರಿಯುವ ಗಾಡಿಯಿಂದ ಹೆಂಡತಿಯನ್ನು ಎತ್ತಿ ತಂದನಲ್ಲ, ಗಂಡ ಅಂದರೆ ಇವನು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಪುಟ್ಟಮಾದಯ್ಯನಿಗೆ ಈಗ ಬೇರೆಯದೇ ಭಯ ಹಿಡಿಯಿತು. ಅವಳ ಬಾಯಿಯನ್ನೇ ನೋಡುತ್ತ ನಿಂತ. ಅವಳು ಸುಟ್ಟ ಸೆರಗಿನ ಕರಿಯನ್ನು ಕೊಡವಿಕೊಂಡಳು, ಅಷ್ಟೇ.

ಚಾಮರಾಜನಗರದ ಬಸ್ಸು ಬಂದು ನಿಂತಿತು. ಅವಳನ್ನು ಎಬ್ಬಿಸಲು ಬಗ್ಗಿ ಕೈ ನೀಡಿದ. ಅವಳು ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ಹದಿನೇಳ್ ಹೆಜ್ಜೆ ಓಡ್ದೆ ನೀನು. ನಾನು ಕೂತ್ಕಂಡು ಎಣಸ್ತಿದ್ದಿ ಕಣಯ್ಯ.”

ಆಮೇಲೆ ಮಲ್ಲಮ್ಮನ ಕೈ ಹಿಡಿದು ಎದ್ದಳು.