ಗುಡ್ಡದ ನೋಟ

"ಆ ತಗಡಿನ ಶಿಲುಬೆ ಕಿತ್ತಾಕು ಅಂದ್ನಲ್ಲ, ಕಿವಿಯೊಳ್ಗೆ ಸಗಣಿ ತುಂಬ್ಕೊಂಡಿದೀಯೇನೋ ಬೋಳಿಮಗ್ನೆ?"

ಮ್ಯಾನೇಜರ್ ಫೂರಿ ಅಷ್ಟು ಬೈದರೂ ಕಲ್ಲುಗಾರ ಬೆಕಿಸೀಸಾ ಕೈಯ ಸುತ್ತಿಗೆ ಕೆಳಗಿಡಲಿಲ್ಲ. ಶಿಲುಬೆ ಅವನಪ್ಪನ ಗೋರಿಯದು. ಕೊನೆಗೆ ಫೂರಿಯೇ ಹೋಗಿ ಒದ್ದು ಬೀಳಿಸಿದ.

ಗುಡ್ಡದ ಮಗ್ಗುಲಲ್ಲಿ ಹನ್ನೊಂದು ಗೋರಿಗಳಿದ್ದವು, ತಲೆಯ ಹತ್ತಿರ ಸತ್ತವರು ಉಂಡ ಎನಾಮಲ್ ತಟ್ಟೆ, ಲೋಟ. ಮೂರು ತಲೆಮಾರು ಈ ಜಮೀನಿನಲ್ಲಿ ದುಡಿದವರು. ಈಗ ಡರ್ಬನ್ನಿನ ಸಿರಿವಂತರ ಹೆಣಗಳಿಗೆಂದು ಧಣಿ ಜಮೀನನ್ನೇ ಸ್ಮಶಾನದ ತೋಟ ಮಾಡಿಸುತ್ತಿದ್ದ. ನಕ್ಷೆ ಬರೆದ ಹೆಂಗಸಿನ ಪ್ರಕಾರ ಯಾವುದೂ ಗುಡ್ಡದಿಂದ ಎದ್ದು ಕಾಣಕೂಡದು. ಪ್ರಾರ್ಥನೆಯ ಮನೆ ಇಳಿಜಾರಿನೊಳಗೆ ಹುದುಗಿತ್ತು. ಮಾಡಿನ ಮೇಲೂ ಹುಲ್ಲು. ಗೋಡೆ ನೆಲದಿಂದಲೇ ಮೊಳೆತಂತಿದೆ ಎಂದು ಬಂದವರೆಲ್ಲ ಅವಳನ್ನು ಹೊಗಳಿದರು. ಯಾವ ಕಲ್ಲು ಯಾವ ಮುಖ ಹೊರಗಿಟ್ಟು ಕೂರಬೇಕೆಂಬುದು ಗೊತ್ತಿದ್ದದ್ದು ಬೆಕಿಸೀಸಾನಿಗೆ.

ಅದೇ ವಾರ ಅವನವ್ವ ಆಸ್ಪತ್ರೆಯಲ್ಲಿ ತೀರಿಕೊಂಡಳು. ಸತ್ತವರ ಜೀವ ಕೊಂಬೆಯೇರಿ ಮನೆಗೆ ಬರುತ್ತದೆಂಬ ತಮ್ಮವರ ಪದ್ಧತಿಯಂತೆ, ಅವಳನ್ನು ಕರೆತರಲು ಅವನು ಮುಳ್ಳುಮರದ ಕೊಂಬೆ ಹಿಡಿದು ಹೋದ. ಬರುವಾಗ ಟ್ಯಾಕ್ಸಿಯಲ್ಲಿ ಕೊಂಬೆಗೂ ಒಂದು ಸೀಟು ಹಿಡಿದು, ಅವ್ವಾ, ಹೊಳೆ ದಾಟ್ತಾ ಇದೀವಿ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದ.

ಅಪ್ಪನ ಪಕ್ಕ ಮಣ್ಣು ಮಾಡಲು ಕೇಳಿದಾಗ ಫೂರಿ ನಕ್ಷೆ ಬಿಚ್ಚಿದ. ಹನ್ನೊಂದು ಗೋರಿಗಳ ಜಾಗದಲ್ಲಿ ಬೇಲಿಗಿಡ ಬರೆದಿತ್ತು. ನೋಟ ಕೆಡುತ್ತದೆ, ಪಟ್ಟಣದ ಸ್ಮಶಾನಕ್ಕೆ ಒಯ್ಯು ಎಂದ.

"ನಲ್ವತ್ತು ಕಿಲೋಮೀಟ್ರು ಆಚೆ ಒಬ್ಳನ್ನೇ ಬಿಟ್ಟು ಬರಾದಾ? ಮನೇಗ್ ಹೋಗಾಣ ಅಂತ ಕರ್ಕಂಡ್ ಬಂದಿವ್ನಿ. ಈಗ ಅವ್ಳಿಗೇನ್ ಹೇಳ್ಲಿ ಬುದ್ಧಿ?"

"ಹೆಣಕ್ಕೆ ಏನೋ ಹೇಳೋದು, ಮುಂಡೇದೆ."

ಶನಿವಾರ ಉದ್ಘಾಟನೆ. ಬೆಳಗಾಗುತ್ತಲೇ ಬೆಕಿಸೀಸಾ, ಅವನ ತಂಗಿ ಹ್ಲೆಂಗಿವೆ ಪ್ರಾರ್ಥನೆಯ ಮನೆಯ ಬಾಗಿಲೆದುರಿನ ಹುಲ್ಲುಹಾಸಿಗೇ ಗುದ್ದಲಿ ಹಾಕಿದರು. ಕೇರಿಯ ಹೆಂಗಸರು ಅವ್ವನ ಹೆಣದ ಪೆಟ್ಟಿಗೆಯ ಸುತ್ತ ಕೂತು ಹಾಡಿದರು. ಫೂರಿ ಪೊಲೀಸನನ್ನು ಕರೆತರುವ ಹೊತ್ತಿಗೆ ಗುಂಡಿ ಎದೆಮಟ್ಟ ಆಗಿತ್ತು. ಪೊಲೀಸ ಹೂಳಲು ಒಪ್ಪಿಗೆಯ ಕಾಗದ ಕೇಳಿದ.

"ಕಾಗ್ದ ಇಲ್ಲ," ಎಂದಳು ಹ್ಲೆಂಗಿವೆ. "ಅವ್ವ ಅವ್ಳೆ. ಇಳ್ಸ್ತೀವಿ. ಗುಂಡು ಹೊಡೀತೀಯಾ, ಹೊಡಿ."

ಇಳಿಸಿದರು. ಯಾವ ಬೇಲಿಯೂ ಮರೆಮಾಡಲಾರದಷ್ಟು ಎತ್ತರಕ್ಕೆ ಕೆಮ್ಮಣ್ಣು ಪೇರಿಸಿದರು.

ಡರ್ಬನ್ನಿನ ಕಾರುಗಳು ಸಾಲಾಗಿ ಗುಡ್ಡ ಹತ್ತುತ್ತಿದ್ದವು. ಅಗೆಸಿ ತೆಗೆಸಲೇ ಎಂದು ಪೊಲೀಸ ಫೋನಿನಲ್ಲಿ ಕೇಳುತ್ತಿದ್ದ. ಬೆಕಿಸೀಸಾ ಗುದ್ದಲಿಯನ್ನು ತೊಡೆಯ ಮೇಲಿಟ್ಟುಕೊಂಡು ಮಣ್ಣಿನ ದಿಬ್ಬಕ್ಕೆ ಒರಗಿ ಕೂತ.